ಕೇಳಿಸುತ್ತೆ ಕಣೋ, ತಿಳಿಯಲ್ಲ

ಮದುವೆ ಊಟದ ಪಂಕ್ತಿ. ಓಲಗ, ಮಕ್ಕಳ ಗಲಾಟೆ, ಬಡಿಸುವವರ ಕೂಗು. ಅಜ್ಜ ಎಲ್ಲದಕ್ಕೂ ಸುಮ್ನೆ ತಲೆಯಾಡಿಸುತ್ತಾರೆ. ಅದೇ ಅಜ್ಜ ಜಗುಲಿಯಲ್ಲಿ ಕೂತಾಗ ಮೆಲ್ಲಗೆ ಆಡಿದ ಮಾತಿಗೂ ಉತ್ತರ ಕೊಡುತ್ತಾರೆ. 'ಬೇಕಾದ್ದು ಮಾತ್ರ ಕೇಳಿಸುತ್ತೆ' ಎಂದು ಮನೆಯವರು ನಗುತ್ತಾರೆ. ಅಜ್ಜನ ದೂರು ಬೇರೆ: 'ಕೇಳಿಸುತ್ತೆ ಕಣೋ, ಏನಂದ್ರು ಅಂತ ತಿಳಿಯಲ್ಲ.'

ಈ ದೂರನ್ನು ವಿಜ್ಞಾನ ನಂಬೋದಕ್ಕೆ ಸುಮಾರು ನೂರು ವರ್ಷ ಹಿಡಿಯಿತು. 19ನೇ ಶತಮಾನದ ಕೊನೆಯಲ್ಲಿ ಹಾಲೆಂಡಿನ ವಿಜ್ಞಾನಿ ಜ್ವಾರ್ಡೆಮೇಕರ್ ಸೀಟಿ ಊದಿ ಪರೀಕ್ಷಿಸಿ, ವಯಸ್ಸಾದಂತೆ ಕೀಚಲು ದನಿಗಳೇ ಮೊದಲು ತಪ್ಪುತ್ತವೆ ಎಂದು ತೋರಿಸಿದ್ದ. ಮಾತಿನಲ್ಲಿ ಇದರ ಏಟು ಜಾಸ್ತಿ ಬೀಳುವುದು ವ್ಯಂಜನಗಳಿಗೆ. 'ಅಟ್ಟೆ' ಅಂತ ಕೇಳಿಸುತ್ತದೆ. ಅದು ಕಟ್ಟೆಯೋ, ತಟ್ಟೆಯೋ, ಪಟ್ಟೆಯೋ ಗೊತ್ತಾಗುವುದಿಲ್ಲ. ಕೂಗಿದರೆ 'ಅ' ಜೋರಾಗುತ್ತದೆ, ಅಷ್ಟೇ.

ಹಾಗಾದರೆ ತಪ್ಪೆಲ್ಲ ಕಿವಿಯದ್ದೇ? 1953ರಲ್ಲಿ ಕಾಲಿನ್ ಚೆರ್ರಿ ಎಂಬ ವಿಜ್ಞಾನಿ ಒಂದೊಂದು ಕಿವಿಗೆ ಒಂದೊಂದು ಮಾತು ಕೇಳಿಸಿದ. ಒಂದನ್ನು ಕೇಳಿದ ಹಾಗೇ ಬಾಯಲ್ಲಿ ಒಪ್ಪಿಸುತ್ತಿದ್ದವರಿಗೆ, ಇನ್ನೊಂದು ಕಿವಿಯಲ್ಲಿ ಇಂಗ್ಲಿಷ್ ಹೋಗಿ ಜರ್ಮನ್ ಬಂದದ್ದೂ ಗೊತ್ತಾಗಲಿಲ್ಲ. ಕಿವಿಗೆ ಬಿದ್ದಿತ್ತು, ಗಮನ ಅಲ್ಲಿರಲಿಲ್ಲ. ನನಗೆ ಇದಕ್ಕಿಂತ ಇಷ್ಟವಾಗುವುದು 1970ರ ರಿಚರ್ಡ್ ವಾರೆನ್ ಪ್ರಯೋಗ. ಧ್ವನಿಮುದ್ರಿತ ವಾಕ್ಯದ ಒಂದು ಪದದಿಂದ 'ಸ್' ಕತ್ತರಿಸಿ, ಆ ಜಾಗಕ್ಕೆ ಕೆಮ್ಮು ಅಂಟಿಸಿದ. ಕೇಳಿದವರು 20 ಜನ. 19 ಮಂದಿ ಯಾವ ಅಕ್ಷರವೂ ಬಿಟ್ಟುಹೋಗಿಲ್ಲ ಅಂದರು! ಕೆಮ್ಮು ಎಲ್ಲಿ ಬಂತೆಂದು ಒಬ್ಬರಿಗೂ ಸರಿಯಾಗಿ ಹೇಳಲಾಗಲಿಲ್ಲ. ಇಲ್ಲದ 'ಸ್' ತುಂಬಿಕೊಟ್ಟದ್ದು ಮಿದುಳು.

ಹಿರಿಯರಿಗೆ ಮಾತು ತಿಳಿಯದಿರುವುದಕ್ಕೆ ಕಾರಣ ಹುಡುಕುತ್ತಾ 1988ರಲ್ಲಿ ಅಮೆರಿಕದ ತಜ್ಞರ ಸಮಿತಿಯೊಂದು ಕಿವಿ, ಕಿವಿಯಿಂದ ಮಿದುಳಿಗೆ ಹೋಗುವ ದಾರಿ, ಯೋಚನಾಶಕ್ತಿ ಮೂರನ್ನೂ ಅನುಮಾನದ ಪಟ್ಟಿಗೆ ಸೇರಿಸಿತು. 1995ರಲ್ಲಿ ಕೆನಡಾದ ಪಿಚೋರಾ-ಫುಲ್ಲರ್ ಮತ್ತು ಸಂಗಡಿಗರ ಪ್ರಯೋಗ ಬಂತು. ಗದ್ದಲದಲ್ಲಿ ಹಿರಿಯರು ಸಂದರ್ಭದಿಂದ ಪದ ಊಹಿಸುವುದರಲ್ಲಿ ಚೆನ್ನಾಗಿ ಪಳಗಿದ್ದರು. ಆದರೆ ಸರಿಯಾಗಿ ಕೇಳಿಸಿಕೊಂಡ ಪದಗಳೂ ಆಮೇಲೆ ನೆನಪಿಗೆ ಬರುವುದು ಕಡಿಮೆಯಾಗಿತ್ತು. ಊಹೆಗೇ ಶಕ್ತಿ ಖರ್ಚಾದರೆ ನೆನಪಿಗೆ ಏನು ಉಳಿಯುತ್ತದೆ? 'ಆಗಲೇ ಹೇಳಿದ್ನಲ್ಲಾ' ಎಂಬ ಮನೆಮನೆಯ ಜಗಳದ ಒಂದು ಬೇರು ಇಲ್ಲಿದೆ.

ಕಿವಿ ಮಷೀನು ಹಾಕಿದರೆ ಬುದ್ಧಿ ಮಂಕಾಗುವುದು ತಡವಾಗುತ್ತದೆಯೇ? 2023ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗವೊಂದು 70ರಿಂದ 84 ವಯಸ್ಸಿನ 977 ಜನರನ್ನು 3 ವರ್ಷ ಗಮನಿಸಿತ್ತು. ಮಷೀನು ಪಡೆದವರಿಗೂ ಪಡೆಯದವರಿಗೂ ಒಟ್ಟಾರೆ ವ್ಯತ್ಯಾಸ ಕಾಣಲಿಲ್ಲ. ಬುದ್ಧಿ ಮಂಕಾಗುವ ಅಪಾಯ ಜಾಸ್ತಿ ಇದ್ದ ಗುಂಪಿನಲ್ಲಿ ಮಾತ್ರ ಇಳಿತ 48% ನಿಧಾನವಾಯಿತು.

ಅಜ್ಜನ ಮಷೀನೂ ಇದೆ, ಬೀರುವಿನಲ್ಲಿ. ಮದುವೆಮನೆಯಲ್ಲಿ ಅದು ಓಲಗವನ್ನೂ ಜೋರು ಮಾಡುತ್ತದಂತೆ.