ಗೋ-ಕಾರ್ಟ್ ಜಾರಲಿ, ಮಗುಚದಿರಲಿ

ಗುಜರಿಯಿಂದ ತಂದ ಹಳೇ ಸ್ಕೂಟರ್ ಇಂಜಿನ್ನು, ಒಂದಷ್ಟು ಎಂಎಸ್ (ಮೈಲ್ಡ್ ಸ್ಟೀಲ್) ಪೈಪು, ಪ್ಲಾಸ್ಟಿಕ್ ಸೀಟು, ನಾಲ್ಕು ಸಣ್ಣ ಚಕ್ರ. ಪರಿಚಯದ ವೆಲ್ಡಿಂಗ್ ಶಾಪ್ ಒಂದಿದ್ದರೆ ಗೋ-ಕಾರ್ಟ್ ಅನ್ನೋ ಪುಟ್ಟ ತೆರೆದ ಗಾಡಿ ಕಟ್ಟೋದು ಅಷ್ಟೇನೂ ಕಷ್ಟವಲ್ಲ. ಮೊದಲ ಗೋ-ಕಾರ್ಟ್ ಹುಟ್ಟಿದ್ದೂ ಹೆಚ್ಚುಕಡಿಮೆ ಹೀಗೇ. 1956ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ, ರೇಸ್ ಕಾರ್ ಕಟ್ಟುವ ಕೆಲಸದಲ್ಲಿದ್ದ ಆರ್ಟ್ ಇಂಗಲ್ಸ್ ಎಂಬಾತ ಹುಲ್ಲು ಕತ್ತರಿಸುವ ಮಷೀನಿನ ಸಣ್ಣ ಇಂಜಿನ್ನನ್ನು ಪೈಪಿನ ಫ್ರೇಮಿಗೆ ಕೂರಿಸಿ ಓಡಿಸಿದ್ದ.

ಕಟ್ಟಿದ ಗಾಡಿ ನೇರಕ್ಕೆ ಚೆನ್ನಾಗೇ ಹೋಗುತ್ತದೆ. ಅಸಲಿ ಬಣ್ಣ ಗೊತ್ತಾಗೋದು ತಿರುವಿನಲ್ಲಿ. ಸ್ವಲ್ಪ ಜೋರಾಗಿ ತಿರುಗಿಸಿದರೆ ಒಳಗಡೆಯ ಎರಡೂ ಚಕ್ರ ನೆಲ ಬಿಡುತ್ತವೆ, ಓಡಿಸುವವರ ಎದೆ ಝಲ್ ಅನ್ನುತ್ತದೆ. ಆಗ ಸುತ್ತ ನಿಂತವರಲ್ಲಿ ಒಬ್ಬರಾದರೂ ಹೇಳೇ ಹೇಳ್ತಾರೆ: "ಗಾಡಿ ತುಂಬಾ ಹಗುರ ಆಯ್ತು ಮಾರಾಯ, ಒಂದು ಕಬ್ಬಿಣದ ಪ್ಲೇಟ್ ಹಾಕು, ನೆಲ ಹಿಡಿಯುತ್ತೆ." ಇದರಲ್ಲಿ ಅರ್ಧ ಮಾತ್ರ ನಿಜ. ಪ್ಲೇಟನ್ನು ತೀರಾ ತಳದಲ್ಲಿ ಹಾಕಿದರೆ ಸ್ವಲ್ಪ ಉಪಯೋಗವಿದೆ. ಆದರೆ ಅದು ತಳದಲ್ಲಿ ಇರೋದರಿಂದ, ಭಾರ ಜಾಸ್ತಿ ಆಗಿದ್ದರಿಂದ ಅಲ್ಲ.

ಯಾಕೆ ಅಂದ್ರೆ, ತಿರುವಿನಲ್ಲಿ ಗಾಡಿಯನ್ನು ಹೊರಗಡೆಗೆ ಮಗುಚಲು ನೋಡುವ ಬಲ ಗಾಡಿಯ ಭಾರಕ್ಕೆ ತಕ್ಕಂತೆ ಹೆಚ್ಚುತ್ತದೆ. ಅದನ್ನು ನೆಲಕ್ಕೆ ಒತ್ತಿ ಹಿಡಿಯುವ ಬಲವೂ ಅದೇ ಭಾರದಿಂದಲೇ ಬರೋದು. ಭಾರ ದುಪ್ಪಟ್ಟಾದರೆ ಎರಡೂ ದುಪ್ಪಟ್ಟು. ಲೆಕ್ಕದಲ್ಲಿ ಭಾರ ಎರಡೂ ಕಡೆ ಕ್ಯಾನ್ಸಲ್ ಆಗಿ, ಕೊನೆಗೆ ಉಳಿಯೋದು ಎರಡೇ ಅಳತೆ. ಎಡ-ಬಲ ಚಕ್ರಗಳ ನಡುವಿನ ಅಗಲ ಒಂದು, ಗುರುತ್ವ ಕೇಂದ್ರ, ಅಂದ್ರೆ ಓಡಿಸುವವರೂ ಸೇರಿ ಇಡೀ ಗಾಡಿಯ ಭಾರ ಒಟ್ಟಾದಂತಿರುವ ಬಿಂದು, ನೆಲದಿಂದ ಎಷ್ಟು ಎತ್ತರದಲ್ಲಿದೆ ಅನ್ನೋದು ಇನ್ನೊಂದು. ಅಗಲವನ್ನು ಎತ್ತರದ ಎರಡರಷ್ಟರಿಂದ ಭಾಗಿಸಿ. ಬರುವ ಸಂಖ್ಯೆಯೇ ನಿಮ್ಮ ಗಾಡಿಯ ಮಿತಿ. ಅಮೆರಿಕದ ಹೆದ್ದಾರಿ ಸುರಕ್ಷತಾ ಸಂಸ್ಥೆ ಕಾರುಗಳ ಮಗುಚುವ ಅಪಾಯಕ್ಕೆ ಸ್ಟಾರ್ ಕೊಡುವಾಗ ಮುಖ್ಯವಾಗಿ ನೋಡೋದೂ ಇದನ್ನೇ. ಸಾಮಾನ್ಯ ಕಾರಿಗೆ ಇದು 1.4ರ ಆಸುಪಾಸು ಇರುತ್ತದೆ, ಎತ್ತರದ ಎಸ್‌ಯುವಿಗಳಲ್ಲಿ ಇನ್ನೂ ಕಡಿಮೆ.

ಈಗ ನಮ್ಮ ಗಾಡಿ. ಚಕ್ರದಿಂದ ಚಕ್ರಕ್ಕೆ 90 ಸೆಂಟಿಮೀಟರ್ ಅಗಲ, ಸೀಟು ಎತ್ತರದಲ್ಲಿ, ಗುರುತ್ವ ಕೇಂದ್ರ 55 ಸೆಂಟಿಮೀಟರ್ ಮೇಲೆ ಅಂತಿಟ್ಟುಕೊಳ್ಳಿ. 90ನ್ನು 110ರಿಂದ ಭಾಗಿಸಿದರೆ 0.82. ಅಂದರೆ ಅಡ್ಡ ಬಲ (ತಿರುವಿನಲ್ಲಿ ಪಕ್ಕಕ್ಕೆ ತಳ್ಳುವ ಬಲ) ಗಾಡಿಯ ತೂಕದ ಶೇ 82ನ್ನು ಮುಟ್ಟಿದ ಕೂಡಲೇ ಮಗುಚಲು ಶುರು. 10 ಮೀಟರ್ ತ್ರಿಜ್ಯದ ತಿರುವಿನಲ್ಲಿ ಗಂಟೆಗೆ 36 ಕಿ.ಮೀ. ವೇಗದಲ್ಲಿ ಹೋದರೆ ಅಡ್ಡ ಬಲ ಹೆಚ್ಚುಕಡಿಮೆ ಗಾಡಿಯ ಪೂರ್ತಿ ತೂಕದಷ್ಟೇ ಆಗುತ್ತದೆ. ಅದೇ ತಿರುವಿನಲ್ಲಿ 18 ಕಿ.ಮೀ. ವೇಗವಾದರೆ ಕಾಲು ಭಾಗ ಮಾತ್ರ. ವೇಗ ಅರ್ಧ ಆದರೆ ಬಲ ಕಾಲಾಗುತ್ತದೆ. ನಿಧಾನಕ್ಕೆ ಓಡಿಸಿದಾಗ ಸಾಧುವಾಗಿದ್ದ ಗಾಡಿ ಒಮ್ಮೆಲೇ ತಿರುಗಿಬೀಳೋದು ಇದಕ್ಕೇ.

ಆದರೆ ಅಷ್ಟು ಅಡ್ಡ ಬಲ ಬರಬೇಕಾದರೆ ಟೈರು ನೆಲವನ್ನು ಅಷ್ಟು ಗಟ್ಟಿಯಾಗಿ ಹಿಡಿದುಕೊಳ್ಳಬೇಕಲ್ವಾ? ಒಣಗಿದ ಡಾಂಬರಿನ ಮೇಲೆ ಒಳ್ಳೇ ರಬ್ಬರ್ ಟೈರು ಗಾಡಿಯ ತೂಕದ ಶೇ 80ರಿಂದ 100ರವರೆಗೆ ಅಡ್ಡ ಬಲ ತಡೆಯುತ್ತದೆ. ಆಮೇಲೆ ಜಾರುತ್ತದೆ. ಗಾಡಿಯ ಮಿತಿ 1.5 ಇದ್ದರೆ ಮಗುಚುವ ಹಂತ ಬರೋದೇ ಇಲ್ಲ, ಅದಕ್ಕೂ ಮೊದಲೇ ಟೈರು ಕೈಬಿಟ್ಟು ಗಾಡಿ ಕಿರ್ರ್ ಅಂತ ಪಕ್ಕಕ್ಕೆ ಜಾರಿ ವೇಗ ಕಳೆದುಕೊಳ್ಳುತ್ತದೆ. ಮಿತಿ 0.82 ಇದ್ದರೆ ಟೈರು ಬಿಡೋದೇ ಇಲ್ಲ, ಗಾಡಿ ಏಳುತ್ತದೆ. ಆದ್ದರಿಂದ ಎತ್ತರದ ಗಾಡಿಗೆ ದುಡ್ಡು ಸುರಿದು ಜಾಸ್ತಿ ಹಿಡಿತದ ಟೈರ್ ಹಾಕಿಸೋದು ಅಂದ್ರೆ ಅಪಾಯವನ್ನು ಕೊಂಡು ತಂದಂತೆ. ಗಾಡಿ ತಗ್ಗಿಸಿ, ಅಗಲ ಮಾಡಿ, ಸ್ಟೀರಿಂಗ್ ಸರಿಮಾಡಿ, ಟೈರಿನ ಮಾತು ಆಮೇಲೆ.

ತಗ್ಗಿಸೋದು ಎಲ್ಲಿಂದ? ಇಂಜಿನ್ನಿಂದ ಅಂತ ಎಲ್ಲರೂ ಶುರು ಮಾಡ್ತಾರೆ. ಆದರೆ ಇಡೀ ಗಾಡೀಲಿ ಅತಿ ಭಾರದ, ಅತಿ ಎತ್ತರದ ವಸ್ತು ಅಂದ್ರೆ ಓಡಿಸುವವರು. 70 ಕಿಲೋ ಗಾಡಿ, 65 ಕಿಲೋ ಮನುಷ್ಯ ಅಂದುಕೊಂಡರೆ, ಸೀಟನ್ನು 10 ಸೆಂಟಿಮೀಟರ್ ಇಳಿಸಿದರೆ ಒಟ್ಟು ಗುರುತ್ವ ಕೇಂದ್ರ ಸುಮಾರು 5 ಸೆಂಟಿಮೀಟರ್ ಇಳಿಯುತ್ತದೆ. ಪೈಪಿನ ಮೇಲೆ ಸೀಟು ಕೂರಿಸೋ ಬದಲು ಪೈಪುಗಳ ನಡುವೆ ಇಳಿಬಿಡಿ, ಕಾಲು ಮುಂದಕ್ಕೆ ಚಾಚುವ ಹಾಗೆ ಪೆಡಲ್ ದೂರ ಸರಿಸಿ, ಬೆನ್ನು ಒರಗಿಸಿ. ಇಂಜಿನ್ನನ್ನು ಸೀಟಿನ ಹಿಂದೆ ಮೇಲೆತ್ತಿ ಇಡಬೇಡಿ, ಪಕ್ಕದಲ್ಲಿ ತಗ್ಗಿಗೆ ಇಡಿ. ಹೀಗೆಲ್ಲಾ ಮಾಡಿ ಎತ್ತರ 35ಕ್ಕೆ ಇಳಿಯಿತು ಅಂದರೆ 90ನ್ನು 70ರಿಂದ ಭಾಗಿಸಿ 1.29. ಆಕ್ಸಲ್ (ಚಕ್ರ ಕೂರುವ ಅಡ್ಡ ದಂಡ) ಉದ್ದ ಮಾಡಿ ಅಗಲ 110 ಮಾಡಿದರೆ 1.57. ಮನೆ ಮುಂದಿನ ರಸ್ತೆ ಉಬ್ಬಿಗೆ ತಳ ತಾಗುತ್ತೆ ಅಂತ ಯಾರಾದ್ರೂ ಕೇಳಬಹುದು. ತಾಗಲಿ ಬಿಡಿ, ನೋಂದಣಿ ಇಲ್ಲದ ಈ ಗಾಡಿಯನ್ನು ರಸ್ತೆಗೆ ಇಳಿಸೋ ಹಾಗೇ ಇಲ್ಲ.

ಗುರುತ್ವ ಕೇಂದ್ರದ ಎತ್ತರ ಅಳೆಯೋದು ಹೇಗೆ ಅಂತ ತಲೆ ಕೆಡಿಸಿಕೊಳ್ಳಬೇಡಿ. ಅದನ್ನು ಅಳೆಯದೆಯೇ ಮಿತಿ ಕಂಡುಹಿಡಿಯಬಹುದು. ಪೆಟ್ರೋಲ್ ಖಾಲಿ ಮಾಡಿ, ಬ್ಯಾಟರಿ ತೆಗೆದಿಡಿ. ಸೀಟಿನಲ್ಲಿ ಓಡಿಸುವವರ ತೂಕದಷ್ಟು ಮರಳಿನ ಚೀಲಗಳನ್ನು ಬೆನ್ನಿನ ಎತ್ತರಕ್ಕೆ ಒಂದರ ಮೇಲೊಂದು ಪೇರಿಸಿ ಹಗ್ಗದಿಂದ ಬಿಗಿಯಿರಿ. ಒಂದು ಬದಿಯ ಚಕ್ರಗಳ ಹೊರಗಡೆ ಜಾರದಂತೆ ಮರದ ತುಂಡು ಕೊಡಿ. ಆ ಬದಿಯಲ್ಲಿ ಯಾರೂ ನಿಲ್ಲಬಾರದು. ಇನ್ನೊಂದು ಬದಿಯನ್ನು ನಾಲ್ಕು ಜನ ನಿಧಾನಕ್ಕೆ ಎತ್ತಿ, ಆಚೆಗೆ ಉರುಳದ ಹಾಗೆ ಹಗ್ಗ ಹಿಡಿದುಕೊಂಡಿರಿ. ಮೊದಲು ಭಾರವೋ ಭಾರ. ಎತ್ತುತ್ತಾ ಹೋದಂತೆ ಕೈಗೆ ಹಗುರಾಗುತ್ತಾ ಬಂದು, ಒಂದು ಹಂತದಲ್ಲಿ ಇಡೀ ಗಾಡಿ ಬೆರಳ ತುದಿಯಲ್ಲಿ ನಿಲ್ಲುತ್ತದೆ. ಆಗ ಕೋನ ಅಳೆಯುವ ಆಪ್ ತೆರೆದು ಫ್ರೇಮಿಗೆ ಮೊಬೈಲ್ ಒತ್ತಿ ಹಿಡಿದು ಕೋನ ನೋಡಿ. 45 ಡಿಗ್ರಿ ಬಂದರೆ ಮಿತಿ ಸರಿಯಾಗಿ 1. 40 ಬಂದರೆ 0.84, 55 ಬಂದರೆ 1.43. ಶಾಲೆಯಲ್ಲಿ ಬಾಯಿಪಾಠ ಮಾಡಿದ ಟ್ಯಾನ್ ಥೀಟಾ ಇದೇ. ಮರಳು ಕೆಳಗೆ ಜಗ್ಗಿ ಕೂರುತ್ತದೆ, ಮನುಷ್ಯರ ತಲೆ-ಭುಜ ಮೇಲಿರುತ್ತದೆ, ಹಾಗಾಗಿ ನಿಜವಾದ ಮಿತಿ ಇದಕ್ಕಿಂತ ಸ್ವಲ್ಪ ಕಡಿಮೆಯೇ ಅಂದುಕೊಳ್ಳಿ.

ಖರ್ಚು ಉಳಿಸೋಕೆ ಮುಂದೆ ಒಂದೇ ಚಕ್ರ ಹಾಕೋರೂ ಇದ್ದಾರೆ. ಆಟೋದವರು ತಿರುವಿನಲ್ಲಿ ಒಳಗಡೆಗೆ ವಾಲಿ ಕೂರೋದನ್ನು ನೋಡಿರ್ತೀರಿ. ಸುಮ್ನೆ ಸ್ಟೈಲಿಗಲ್ಲ ಅದು. ಮೂರು ಚಕ್ರದ ಗಾಡಿ ನೇರ ಪಕ್ಕಕ್ಕೆ ಮಗುಚೋದಿಲ್ಲ, ಮುಂದಿನ ಚಕ್ರ ಮತ್ತು ಹೊರಗಿನ ಹಿಂದಿನ ಚಕ್ರ ಸೇರಿಸುವ ಓರೆ ಗೆರೆಯ ಮೇಲೆ ಮಗುಚುತ್ತದೆ. ಗುರುತ್ವ ಕೇಂದ್ರ ಮುಂದೆ ಹೋದಷ್ಟೂ ಆ ಗೆರೆ ಹತ್ತಿರ. ನಮ್ಮ 1.57ರ ಗಾಡಿಯಲ್ಲೇ, ಗುರುತ್ವ ಕೇಂದ್ರ ಹಿಂದಿನ ಆಕ್ಸಲ್‌ನಿಂದ ಗಾಡಿಯ ಉದ್ದದ ಮೂರನೇ ಒಂದು ಭಾಗ ಮುಂದಿದ್ದರೆ, ಮಿತಿ 1.05ಕ್ಕೆ ಬೀಳುತ್ತದೆ. ಅಮೆರಿಕದಲ್ಲಿ ಮೂರು ಚಕ್ರದ ಎಟಿವಿಗಳ (ಕಚ್ಚಾ ನೆಲದಲ್ಲಿ ಓಡಿಸುವ ದಪ್ಪ ಟೈರಿನ ಗಾಡಿಗಳು) ಮಾರಾಟ 1988ರಲ್ಲಿ ನಿಂತುಹೋಗಿದ್ದೂ ಅಪಘಾತಗಳು ಮಿತಿಮೀರಿದ್ದಕ್ಕೇ.

ಚಕ್ರ ಎದ್ದಿದ್ದೆಲ್ಲಾ ತಪ್ಪು ಅಂತಲ್ಲ. ರೇಸಿಂಗ್ ಕಾರ್ಟ್‌ಗಳ ಫೋಟೋ ನೋಡಿ, ತಿರುವಿನಲ್ಲಿ ಒಳಗಡೆಯ ಹಿಂದಿನ ಚಕ್ರ ಒಂದೇ ಒಂದು ಕೊಂಚ ಮೇಲೆದ್ದಿರುತ್ತದೆ. ಅದು ಬೇಕೆಂತಲೇ ಮಾಡಿದ್ದು. ಕಾರ್ಟಿನಲ್ಲಿ ಡಿಫರೆನ್ಷಿಯಲ್ (ಎರಡು ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರು) ಇಲ್ಲ, ಹಿಂದಿನ ಎರಡೂ ಚಕ್ರ ಒಂದೇ ಆಕ್ಸಲ್ಲಿಗೆ ಬಿಗಿದಿರುತ್ತವೆ. 1 ಮೀಟರ್ ಅಗಲದ ಗಾಡಿ 5 ಮೀಟರ್ ತ್ರಿಜ್ಯದಲ್ಲಿ ಕಾಲು ಸುತ್ತು ತಿರುಗಿದರೆ, ಹೊರಗಿನ ಚಕ್ರ ಒಳಗಿನದಕ್ಕಿಂತ ಒಂದೂವರೆ ಮೀಟರಿಗೂ ಜಾಸ್ತಿ ದೂರ ಹೋಗಬೇಕು. ಆಕ್ಸಲ್ ಬಿಡಲ್ಲ. ಒಂದು ಚಕ್ರ ಉಜ್ಜಿಕೊಂಡೇ ಹೋಗಬೇಕು, ಗಾಡಿ ತಿರುಗದೆ ನೇರಕ್ಕೆ ನುಗ್ಗಲು ನೋಡುತ್ತದೆ. ಆ ಒಳಗಿನ ಚಕ್ರವನ್ನು ಕ್ಷಣಕಾಲ ಎತ್ತಿಬಿಟ್ಟರೆ ಜಗಳ ಮುಗಿಯಿತು. ಮನೇಲಿ ಕಟ್ಟುವವರಿಗೆ ಸುಲಭದ ದಾರಿ ಬೇರೆ: ಹಿಂದಿನ ಒಂದೇ ಚಕ್ರಕ್ಕೆ ಚೈನ್ ಕೊಟ್ಟು, ಇನ್ನೊಂದನ್ನು ಬೇರಿಂಗ್ ಮೇಲೆ ಬಿಡೋದು. ಆಕ್ಸಿಲರೇಟರ್ ಒತ್ತಿದಾಗ ಗಾಡಿ ಸ್ವಲ್ಪ ಒಂದು ಕಡೆ ಎಳೆಯುತ್ತದೆ, ಆದರೆ ತಿರುಗುವಾಗ ಮೊಂಡಾಟ ಮಾಡೋದಿಲ್ಲ. ಬ್ರೇಕ್ ಮಾತ್ರ ಎರಡೂ ಚಕ್ರಕ್ಕೆ ಬೇಕು.

ಇನ್ನು ಸ್ಟೀರಿಂಗ್ ನಡುಗೋದು. ಇದಕ್ಕೂ ಮಗುಚೋದಕ್ಕೂ ನೇರ ಸಂಬಂಧ ಇಲ್ಲ, ಆದರೆ ಹೆದರಿ ಹ್ಯಾಂಡಲ್ ಎಳೆದಾಡಿ ಮಗುಚಿಸಿಕೊಳ್ಳೋರು ಇದ್ದಾರೆ. ಸೈಕಲ್ಲಿನ ಮುಂದಿನ ಫೋರ್ಕ್ ಹಿಂದಕ್ಕೆ ವಾಲಿರೋದನ್ನು ಗಮನಿಸಿ. ಆ ಓರೆಯನ್ನು ನೆಲದವರೆಗೆ ಎಳೆದರೆ ಗೆರೆ ಟೈರು ನೆಲ ಮುಟ್ಟುವ ಜಾಗಕ್ಕಿಂತ ಮುಂದೆ ಬೀಳುತ್ತದೆ. ಹಾಗಾಗಿ ಚಕ್ರ ಹಿಂದೆ ಎಳೆಸಿಕೊಂಡು ಬರುತ್ತಾ ತಾನಾಗೇ ನೆಟ್ಟಗಾಗುತ್ತದೆ. ಇದೇ ಕ್ಯಾಸ್ಟರ್. ಮನೆಗಾಡಿಗಳಲ್ಲಿ ಕಿಂಗ್‌ಪಿನ್ನನ್ನು (ಮುಂದಿನ ಚಕ್ರ ಎಡಬಲಕ್ಕೆ ಹೊರಳುವ ಪಿನ್ನು) ಲಂಬವಾಗಿ ವೆಲ್ಡ್ ಮಾಡಿರ್ತಾರೆ, ಕ್ಯಾಸ್ಟರ್ ಸೊನ್ನೆ. ಪಿನ್ನಿನ ತಲೆಯನ್ನು 10 ಡಿಗ್ರಿಯಷ್ಟು ಹಿಂದಕ್ಕೆ ವಾಲಿಸಿದರೆ ಗಾಡಿಯ ಸ್ವಭಾವವೇ ಬದಲಾಗುತ್ತದೆ. ರೇಸಿಂಗ್ ಕಾರ್ಟಿನಲ್ಲಿ ಒಳಗಿನ ಹಿಂದಿನ ಚಕ್ರವನ್ನು ಎತ್ತುವುದೂ ಈ ಓರೆಯೇ, ಯಾಕಂದ್ರೆ ತಿರುಗಿಸಿದಾಗ ಒಳಗಡೆಯ ಮುಂದಿನ ಚಕ್ರ ನೆಲವನ್ನು ಕೆಳಕ್ಕೆ ಒತ್ತುತ್ತದೆ. ಕ್ಯಾಸ್ಟರ್ ಕೊಟ್ಟರೂ ನಡುಕ ನಿಲ್ಲದಿದ್ದರೆ ಸ್ಟೀರಿಂಗನ್ನು ಚಕ್ರಕ್ಕೆ ಜೋಡಿಸುವ ಟೈ ರಾಡ್ ಬೋಲ್ಟುಗಳಲ್ಲಿ ಪ್ಲೇ (ಸಡಿಲ) ಇರಬಹುದು. ಚಕ್ರ ಹಿಡಿದು ಅಲ್ಲಾಡಿಸಿ, ಸಡಿಲ ಇದ್ದರೆ ಟಕ್ ಟಕ್ ಸದ್ದು ಕೇಳುತ್ತದೆ.

ಸಸ್ಪೆನ್ಷನ್ ಇಲ್ಲದ ಗಾಡಿಗೆ ಇನ್ನೊಂದು ಕಾಯಿಲೆ ಇದೆ. ವೆಲ್ಡಿಂಗ್ ಬಿಸಿಗೆ ಫ್ರೇಮ್ ಕೊಂಚ ತಿರುಚಿಕೊಂಡರೆ, ಕಾಲು ಸಮ ಇಲ್ಲದ ಸ್ಟೂಲಿನ ಹಾಗೆ ಮೂರೇ ಚಕ್ರದ ಮೇಲೆ ನಿಲ್ಲುತ್ತದೆ. ಸಮತಟ್ಟಾದ ನೆಲದಲ್ಲಿ ಎಲ್ಲಾ ಟೈರಿಗೂ ಒಂದೇ ಗಾಳಿ ಹಾಕಿ, ಓಡಿಸುವವರನ್ನು ಕೂರಿಸಿ, ಪ್ರತಿ ಟೈರಿನ ಕೆಳಗೂ ಒಂದೊಂದು ಕಾಗದದ ಹಾಳೆ ಇಟ್ಟು ಎಳೆದು ನೋಡಿ. ಮೂರು ಹರಿದು ಒಂದು ಸಲೀಸಾಗಿ ಬಂದರೆ ಅಲ್ಲೇ ದೋಷ. ಹಾಗಂತ ಫ್ರೇಮಿಗೆ ಅಡ್ಡಡ್ಡ ಪೈಪು ಜಡಿದು ಕಲ್ಲಿನಂತೆ ಮಾಡಬೇಡಿ. ಸ್ವಲ್ಪ ಬಳುಕೋದೇ ಅದಕ್ಕೆ ಇರುವ ಏಕೈಕ ಸಸ್ಪೆನ್ಷನ್.

ಕೊನೆಗೆ ಟ್ರಯಲ್. ಊರಿನ ಮಣ್ಣಿನ ಮೈದಾನದಲ್ಲಿ ಚೆನ್ನಾಗಿ ಓಡಿತು ಅಂತ ನಂಬಿ ಕಾಂಕ್ರೀಟಿಗೆ ಹೋಗಬೇಡಿ. ಸಡಿಲ ಮಣ್ಣಿನಲ್ಲಿ ಟೈರಿಗೆ ಹಿಡಿತ ಕಡಿಮೆ, ಗಾಡಿ ಸಾಮಾನ್ಯವಾಗಿ ಮಗುಚುವ ಮೊದಲೇ ಜಾರುತ್ತದೆ. ಅದೇ ಗಾಡಿ ಕಾಂಕ್ರೀಟ್ ಮೇಲೆ ಬೇರೆಯೇ ಆಟ ಆಡುತ್ತದೆ. ಜಾರುವ ಗಾಡಿಗೂ ಒಂದು ಶತ್ರು ಇದೆ: ಪಕ್ಕಕ್ಕೆ ಜಾರುತ್ತಿರುವಾಗ ಕರ್ಬ್ ಕಲ್ಲಿಗೋ ಗುಂಡಿಯ ಅಂಚಿಗೋ ಚಕ್ರ ತಗುಲಿದರೆ, ಮಿತಿ 1.57 ಇದ್ದರೂ ಎತ್ತಿ ಹಾಕುತ್ತದೆ. ಕಾರುಗಳು ಮಗುಚುವುದರಲ್ಲೂ ಬಹುಪಾಲು ಹೀಗೆ ಏನಕ್ಕಾದರೂ ಎಡವಿಯೇ. ಅಂಚು, ಕಂಬ, ಚರಂಡಿ ಇಲ್ಲದ ಅಗಲವಾದ ಜಾಗ ಹುಡುಕಿ. ಹೆಲ್ಮೆಟ್ ಬೇಕೇ ಬೇಕು. ಉದ್ದ ಕೂದಲು, ದುಪಟ್ಟಾ ಬಿಗಿಯಾಗಿ ಕಟ್ಟಿರಬೇಕು, ತಿರುಗುವ ಆಕ್ಸಲ್ ಬೆನ್ನಿನ ಹಿಂದೆಯೇ ಇರುತ್ತದೆ. ಇನ್ನು ಸೀಟ್ ಬೆಲ್ಟ್: ತಲೆ ಮೇಲೆ ಗಟ್ಟಿಯಾದ ರೋಲ್ ಕೇಜ್ (ಪೈಪಿನ ಪಂಜರ) ಇದ್ದರೆ ಮಾತ್ರ ಹಾಕಿ. ಕೇಜ್ ಇಲ್ಲದ ಗಾಡಿ ಮಗುಚಿದಾಗ ಬೆಲ್ಟ್ ನಿಮ್ಮನ್ನು ಅದರ ಅಡಿಯಲ್ಲೇ ಕಟ್ಟಿಹಾಕುತ್ತದೆ, ರೇಸಿಂಗ್ ಕಾರ್ಟ್‌ಗಳಲ್ಲಿ ಬೆಲ್ಟ್ ಇರದಿರುವುದು ಇದಕ್ಕೇ.