ಪದ ಪರಿಚಯ: ಸ್ಥಳೀಯ ಸಸ್ಯ

ಯಾರೂ ತಂದು ನೆಡದೆ, ಒಂದು ಸೀಮೆಯ ಮಣ್ಣು, ಮಳೆ, ಹುಳುಹುಪ್ಪಟೆಗಳ ಜೊತೆಗೇ ತಲೆತಲಾಂತರದಿಂದ ಬೆಳೆದುಬಂದ ಗಿಡವೇ ಸ್ಥಳೀಯ ಸಸ್ಯ. ಚಿತ್ರದುರ್ಗದ ಮಟ್ಟಿಗೆ ತಂಗಡಿ, ತುಂಬೆ, ಕವಳಿ, ಎಕ್ಕ, ಮಂಗರಬಳ್ಳಿ.

ಜವಾರಿ ಅನ್ನುವುದು ಬೇರೆ. ಸಂತೆಯಲ್ಲಿ ಜವಾರಿ ಟೊಮೆಟೊನೇ ಬೇಕು ಅಂತ ಕೇಳಿ ತರುತ್ತೇವೆ, ಅಲ್ವಾ? ಅದು ಹಳೆಯ ತಳಿ, ಅಷ್ಟೇ. ಟೊಮೆಟೊ ಗಿಡದ ತವರು ದಕ್ಷಿಣ ಅಮೆರಿಕ. ದಸರಾಕ್ಕೆ ಬೇಕೇಬೇಕಾದ ಚೆಂಡು ಹೂ ಮೆಕ್ಸಿಕೊ ಕಡೆಯದು. ಹೊರಗಿನಿಂದ ಬಂದದ್ದೆಲ್ಲ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಮೆಣಸಿನಕಾಯಿಯೂ ಅಮೆರಿಕದಿಂದಲೇ ಬಂತು. ಅದಿಲ್ಲದೆ ದಾವಣಗೆರೆಯ ಮಂಡಕ್ಕಿ-ಮಿರ್ಚಿ ಎಲ್ಲಿ?

ನೀರಿಲ್ಲದೆ ಬದುಕುವುದೆಲ್ಲ ಸ್ಥಳೀಯ ಅನ್ನುವುದೂ ತಪ್ಪು. ಬಳ್ಳಾರಿ ಜಾಲಿ ಎಂಥ ಬರಕ್ಕೂ ಜಗ್ಗುವುದಿಲ್ಲ, ಆದರೆ ಹೆಸರಲ್ಲಿ ಬಳ್ಳಾರಿ ಇದ್ದರೂ ಅದು ಹೊರದೇಶದಿಂದ ಬಂದದ್ದು. ಇನ್ನು ಸಂಪಿಗೆ ಮಲೆನಾಡಿನ ಕಾಡಿನ ಮರ. ಚಳ್ಳಕೆರೆಯ ಅಂಗಳದಲ್ಲಿ ಅದನ್ನು ನೀರು ಹಾಕಿಯೇ ಸಾಕಬೇಕು.

ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಹುಳುಗಳ ನಂಟು. ಮೇ ತಿಂಗಳಲ್ಲಿ ಬೋರ್‌ವೆಲ್ ಬತ್ತಿ ಕುಂಡದ ಗಿಡಗಳು ಬಾಡಿರುವಾಗ ಹೂಬಿಟ್ಟ ತಂಗಡಿಯ ಹತ್ತಿರ ಸುಮ್ನೆ ಹೋಗಿ ನಿಲ್ಲಿ. ಕಪ್ಪು ದುಂಬಿಯೊಂದು ಹಳದಿ ಹೂವನ್ನು ತಬ್ಬಿಕೊಂಡು ಝುಂಯ್ ಅಂತ ಮೈ ನಡುಗಿಸುತ್ತದೆ. ಈ ಹೂವಿನಲ್ಲಿ ಮಕರಂದ ಇಲ್ಲ, ಇರುವುದು ಪರಾಗ ಮಾತ್ರ. ಅದೂ ಕೇಸರದ ತುದಿಯ ಸಣ್ಣ ತೂತಿನೊಳಗೆ. ಹಾಗೆ ಅಲುಗಿಸಿದರೇನೇ ಚೆನ್ನಾಗಿ ಉದುರುವುದು. ತಿಳಿಹಸಿರು ಬೆರೆತ ಬಿಳಿ ರೆಕ್ಕೆಯ ಚಿಟ್ಟೆಯೊಂದು ಇದೇ ಗಿಡದ ಎಲೆ ಹುಡುಕಿ ಮೊಟ್ಟೆ ಇಡುತ್ತದೆ. ಮರಿಗಳಿಗೆ ಊಟ ಆ ಎಲೆಯೇ.

ಹಿತ್ತಲಿನ ಕರಿಬೇವನ್ನೂ ನೋಡಿ. ಎಲೆಗೆ ಹಕ್ಕಿ ಹಿಕ್ಕೆಯಂತೆ ಅಂಟಿಕೊಂಡಿರುವ ಹುಳು ದೊಡ್ಡದಾಗುತ್ತ ಹಸಿರಾಗುತ್ತದೆ, ಆಮೇಲೆ ಚಿಟ್ಟೆಯಾಗುತ್ತದೆ. ದಯವಿಟ್ಟು ಅದಕ್ಕೆ ಔಷಧಿ ಹೊಡೆಯಬೇಡಿ. ಒಗ್ಗರಣೆಗೆ ನಾಲ್ಕು ಎಲೆ ಕಡಿಮೆಯಾದರೆ ಏನೂ ಆಗುವುದಿಲ್ಲ.

ತಂಗಡಿ ಬೆಳೆಸುವ ಮನಸ್ಸಿದ್ದರೆ ಬೇಸಿಗೆಯ ಕೊನೆಯೇ ಒಳ್ಳೆಯ ಹೊತ್ತು. ಜೋಗಿಮಟ್ಟಿ ಕಾಡಿಗೆ ಹೋಗಿ ಗಿಡ ಕೀಳಬೇಡಿ. ರಸ್ತೆ ಬದಿಯ ಗಿಡದಲ್ಲೇ ಒಣಗಿದ ಕಾಯಿ ಸಿಗುತ್ತವೆ. ಬೀಜದ ಸಿಪ್ಪೆ ಗಟ್ಟಿ. ಬಿಸಿನೀರಿಗೆ ಹಾಕಿ ರಾತ್ರಿಯೆಲ್ಲ ನೆನೆಯಲು ಬಿಡಿ. ರೋಹಿಣಿ ಮಳೆಯ ಹೊತ್ತಿಗೆ, ಬಿಸಿಲು ಜಾಸ್ತಿ ಬೀಳುವ ಕಡೆ ಊರಿ. ಬೇರು ಇಳಿಯುವವರೆಗೆ ಆಗಾಗ ಒಂದು ಚೊಂಬು ನೀರು ಸಾಕು.