ಲಂಚದ ದೂರು ಕೊಟ್ಟವರನ್ನೇ ಜೈಲಿಗೆ ಕಳಿಸಿದ ಚಾಟ್‌ಜಿಪಿಟಿ

ಬ್ರಯಾನ್ ಹುಡ್ ಆಸ್ಟ್ರೇಲಿಯಾದ ಹೆಪ್‌ಬರ್ನ್ ಶೈರ್‌ನ ಮೇಯರ್ ಆಗಿದ್ದವರು. ಅದಕ್ಕೂ ಮೊದಲು ಅಲ್ಲಿನ ರಿಸರ್ವ್ ಬ್ಯಾಂಕಿನ ನೋಟು ಮುದ್ರಿಸುವ ಅಂಗಸಂಸ್ಥೆಯಲ್ಲಿ ಕೆಲಸದಲ್ಲಿದ್ದರು. ನೋಟಿನ ಗುತ್ತಿಗೆ ಗಿಟ್ಟಿಸಲು ಹೊರದೇಶದ ಅಧಿಕಾರಿಗಳಿಗೆ ಲಂಚ ಹೋಗುತ್ತಿದೆ ಎಂದು ದನಿ ಎತ್ತಿದವರೇ ಅವರು. ಆದರೆ 2023ರಲ್ಲಿ ಚಾಟ್‌ಜಿಪಿಟಿ ಹೇಳಿದ್ದೇನು? ಆ ಲಂಚದ ಕೇಸಿನಲ್ಲಿ ಹುಡ್ ಅಪರಾಧಿ, ಜೈಲಿಗೂ ಹೋಗಿ ಬಂದವರು ಅಂತ! ಅವರ ಮೇಲೆ ಕೇಸೇ ಇರಲಿಲ್ಲ.

'ಎಐ ಸುಳ್ಳು ಹೇಳಿತು' ಎಂದು ಎಲ್ಲರೂ ಬರೆದರು. ನನಗೆ ಈ ಮಾತು ಸರಿ ಕಾಣುವುದಿಲ್ಲ. ಸುಳ್ಳು ಹೇಳಲು ನಿಜ ಗೊತ್ತಿರಬೇಕು, ಅಲ್ವಾ? ಈ ಯಂತ್ರದೊಳಗೆ ಹುಡ್ ಎಂಬ ಮನುಷ್ಯನ ಕಡತವೇನೂ ಇಲ್ಲ. ಇಲ್ಲಿಯವರೆಗೆ ಬಂದ ಪದಗಳನ್ನು ನೋಡಿ, ಮುಂದೆ ಯಾವ ಪದ ಬರುವ ಸಾಧ್ಯತೆ ಜಾಸ್ತಿ ಎಂದು ಲೆಕ್ಕ ಹಾಕುತ್ತದೆ, ಒಂದನ್ನು ಇಡುತ್ತದೆ, ಮತ್ತೆ ಲೆಕ್ಕ ಹಾಕುತ್ತದೆ. ಹಗರಣದ ವರದಿಗಳಲ್ಲಿ ಹುಡ್ ಹೆಸರಿನ ಸುತ್ತಮುತ್ತ ಇರುವುದೇ ಲಂಚ, ಕೋರ್ಟು, ಶಿಕ್ಷೆ. ಕೊಟ್ಟವರು ಯಾರು, ದೂರಿದವರು ಯಾರು ಎಂಬ ನಂಟು ಮಾತ್ರ ಲೆಕ್ಕದಲ್ಲಿ ಸಡಿಲವಾಗಿಬಿಡಬಹುದು. ಬಸ್ಸಿನಲ್ಲಿ ಹಿಂದಿನ ಸೀಟಿನ ಮಾತನ್ನು ಅರ್ಧ ಕೇಳಿಸಿಕೊಂಡು, ಉಳಿದರ್ಧ ತಾನೇ ಸೇರಿಸಿ ಊರಿಗೆಲ್ಲ ಹೇಳುವವರಿರುತ್ತಾರಲ್ಲ, ಹಾಗೆ. ಭಾಷೆ ಮಾತ್ರ ಅಚ್ಚುಕಟ್ಟು, ಅದಕ್ಕೇ ಜನ ನಂಬುತ್ತಾರೆ.

ಕಾನೂನು ತಡವರಿಸುವುದು ಇಲ್ಲೇ. ನಮ್ಮ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂ, 1860ರ ದಂಡ ಸಂಹಿತೆಯಿಂದ ಹೆಚ್ಚುಕಡಿಮೆ ಹಾಗೇ ಬಂದದ್ದು, ಹೆಸರು ಕೆಡಿಸುವ ಉದ್ದೇಶವಿತ್ತೇ ಅಥವಾ ಕೆಡುತ್ತದೆಂದು ಗೊತ್ತಿತ್ತೇ ಎಂದು ಕೇಳುತ್ತದೆ. ಯಂತ್ರಕ್ಕೆ ಎಲ್ಲಿಯ ಉದ್ದೇಶ? ಅಮೆರಿಕದ ಜಾರ್ಜಿಯಾದಲ್ಲಿ ಮಾರ್ಕ್ ವಾಲ್ಟರ್ಸ್ ಎಂಬ ರೇಡಿಯೊ ನಿರೂಪಕರು ಹಣ ಲಪಟಾಯಿಸಿದ್ದಾರೆಂದು ಚಾಟ್‌ಜಿಪಿಟಿ ಕಥೆ ಕಟ್ಟಿತ್ತು. ಅವರು ಹೂಡಿದ ಕೇಸು 2025ರ ಮೇನಲ್ಲಿ ಬಿದ್ದುಹೋಯಿತು. ಓದಿದ ಪತ್ರಕರ್ತ ಅದನ್ನು ನಂಬಲೇ ಇಲ್ಲ, ತಪ್ಪಾಗಬಹುದು ಎಂಬ ಎಚ್ಚರಿಕೆಯೂ ಅಲ್ಲಿತ್ತು ಎಂಬುದು ಕೋರ್ಟಿನ ಕಾರಣಗಳಲ್ಲಿ ಸೇರಿತ್ತು. ನಂಬುವವರ ಕೈಗೆ ಸಿಕ್ಕಿದ್ದರೆ?

ಹುಡ್ ಮಾನನಷ್ಟದ ಕೇಸು ಹಾಕುವುದಾಗಿ ಎಚ್ಚರಿಸಿದ್ದರೂ ಅದನ್ನು ಮುಂದುವರಿಸಲಿಲ್ಲ. ಆದರೆ 2024ರ ಕೊನೆಯಲ್ಲಿ ಜನರ ಕಣ್ಣಿಗೆ ಬಿದ್ದದ್ದು ಇದು: ಆ ಹೆಸರು ಬರೆಯಬೇಕಾಗಿ ಬಂದರೆ ಚಾಟ್‌ಜಿಪಿಟಿ ಅಲ್ಲೇ ನಿಂತುಬಿಡುತ್ತಿತ್ತು. ಈ ಯಂತ್ರದೊಳಗಿನ ತಪ್ಪನ್ನು ಕಿತ್ತು ತೆಗೆಯುವುದು ಬಲು ಕಷ್ಟ, ಯಾಕೆಂದರೆ ಅದು ಒಂದೇ ಕಡೆ ಕೂತಿರುವುದಿಲ್ಲ, ಕೋಟಿಗಟ್ಟಲೆ ಅಂಕಿಗಳಲ್ಲಿ ಹರಡಿಹೋಗಿರುತ್ತದೆ. ಅದಕ್ಕೇ ಹೊರಗಿನಿಂದ ಹೆಸರಿಗೇ ಬೀಗ. ಆ ಹೆಸರಿನ ಬೇರೆಯವರೂ ಅದರ ಜೊತೆ ಮಾಯ. ಒಂದೊಂದು ತಾಲ್ಲೂಕಿಗೂ ಹತ್ತಾರು ಮಂಜುನಾಥರಿರುವ ನಮ್ಮಲ್ಲಿ ಇದನ್ನು ಪರಿಹಾರ ಎನ್ನಲಾದೀತೇ?

ಮುಖ, ದನಿಯ ವಿಷಯದಲ್ಲಿ ನಮ್ಮ ಕೋರ್ಟುಗಳು ಬೇಗ ಕದಲಿವೆ. 2023ರಲ್ಲಿ ಅನಿಲ್ ಕಪೂರ್ ಅವರ ಹೆಸರು, ದನಿ, 'ಝಕಾಸ್' ಎನ್ನುವ ಶೈಲಿಗೂ ದೆಹಲಿ ಹೈಕೋರ್ಟ್ ರಕ್ಷಣೆ ಕೊಟ್ಟಿತು. ಖಾಸಗಿತನ ಮೂಲಭೂತ ಹಕ್ಕು ಎಂಬ 2017ರ ತೀರ್ಪು ಬಂದದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಕೇಸಿನಲ್ಲಿ. ಆ ಹಕ್ಕು ನಟರಿಗಷ್ಟೇ ಅಲ್ಲ.

ನನ್ನ ಪ್ರಕಾರ ಯಂತ್ರದ ಮನಸ್ಸನ್ನು ಹುಡುಕುವುದು ಬಿಡಬೇಕು. ನೊಂದವರು ಲಿಖಿತ ದೂರು ಕೊಟ್ಟ ದಿನದಿಂದ ಕಂಪನಿಗೆ 'ಗೊತ್ತಿತ್ತು' ಎಂದೇ ಹಿಡಿಯಬೇಕು. ಐಟಿ ಕಾಯ್ದೆಯ 79ನೇ ಕಲಂ ಬೇರೆಯವರು ಹಾಕಿದ ಮಾಹಿತಿಗೆ ಮಧ್ಯವರ್ತಿಗಳನ್ನು, ಅಂದರೆ ಫೇಸ್‌ಬುಕ್‌ನಂಥ ತಾಣಗಳನ್ನು, ಹೊಣೆಯಿಂದ ಬಿಡಿಸುತ್ತದೆ, ಸರಿ. ಹುಡ್ ಜೈಲಿಗೆ ಹೋದರು ಎಂಬ ವಾಕ್ಯವನ್ನು ಬೇರೆ ಯಾರು ಹಾಕಿದ್ದರು?